ಸೊನ್ನಲಿಗೆಯ ಸಿದ್ಧರಾಮನೂ ಉತ್ತಂಗಿಯ ಪಾದ್ರಿಯೂ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರ್. ಬಸ್ಸಿನ ಬೋರ್ಡು ಮರಾಠಿ, ಕಂಡಕ್ಟರನ ಮಾತು ಮರಾಠಿ, ಕಿಟಕಿಯಾಚೆ ಸರಿಯುವ ಅಂಗಡಿಗಳ ಹೆಸರೂ ಮರಾಠಿ. ಸೀಟಿನಲ್ಲಿ ಕೂತವರು ಮಾತ್ರ ತಮ್ಮತಮ್ಮಲ್ಲಿ ಕನ್ನಡ ಆಡುತ್ತಾರೆ. ಕಂಡಕ್ಟರನಿಗೆ ಮರಾಠಿಯಲ್ಲಿ ಊರ ಹೆಸರು ಹೇಳಿ ಟಿಕೆಟ್ ತಗೊಂಡು, ಕತ್ತು ಹೊರಳಿಸಿದ ಕೂಡಲೇ ಕನ್ನಡ. ಎರಡರ ನಡುವೆ ಉಸಿರು ತೆಗೆದುಕೊಳ್ಳುವಷ್ಟೂ ಬಿಡುವಿಲ್ಲ.

ನನ್ನ ಪಕ್ಕ ಕೂತಿದ್ದ ಆಯಿ ವಳಸಂಗಕ್ಕೆ ಹೊರಟಿದ್ದರು. ಮಡಿಲಲ್ಲಿ ಒಂದು ಚೀಲ, ಅದರೊಳಗೆ ಶೇಂಗಾ ಹಿಂಡಿಯ ವಾಸನೆ. "ಎಲ್ಲಿಗಿ ಹೊಂಟೀರಿ?" ಎಂದರು. ಹೇಳಿದೆ. ನಾನು ಸಿದ್ಧರಾಮೇಶ್ವರ ಗುಡಿಯಿಂದಲೇ ಬಂದದ್ದು ತಿಳಿದು ಮುಖ ಅರಳಿತು. "ಸಿದ್ರಾಮಪ್ಪ ನಮ್ಮಾಂವ ನೋಡ್ರಿ. ಆ ಕೆರಿ ಕಟ್ಟಿಸಿದಾಂವ." ಅವನ ವಚನ ಯಾವುದಾದರೂ ಗೊತ್ತೇ ಎಂದು ಕೇಳಿದೆ. "ವಚನಾ ಗಿಚನಾ ನಮಗ ಯಾರ್ ಕಲಿಸ್ಯಾರ್ರಿ? ಸಂಕ್ರಮಣಕ್ಕ ಹೋಗಿ ಕೋಲು ನೋಡಿ ಬರೂದಷ್ಟ."

ಕೋಲು ಎಂದರೆ ನಂದಿಕೋಲು. ಮರಾಠಿಯವರು ಕಾಠಿ ಎನ್ನುತ್ತಾರೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಸೊಲ್ಲಾಪುರದ ಬೀದಿಯಲ್ಲಿ ನಡೆಯುತ್ತವೆ. ಕೆರೆಯ ಪಕ್ಕದ ಸಮ್ಮತಿ ಕಟ್ಟೆಯಲ್ಲಿ ಕುಂಬಾರರ ಕನ್ಯೆಯ ಜತೆ ಸಿದ್ಧರಾಮನ ಯೋಗದಂಡಕ್ಕೆ ಅಕ್ಷತೆ ಬೀಳುತ್ತದೆ. ಲಕ್ಷಾಂತರ ಮರಾಠಿ ಭಾಷಿಕರು ಸೇರುವ ಆ ಮೈದಾನದಲ್ಲಿ ಆಗ ಓದುವ ಸಮ್ಮತಿಯ ಮಾತು ಕನ್ನಡದ್ದು.

ನನ್ನ ಕೈಚೀಲದಲ್ಲಿ ಕೆಲವು ಜೆರಾಕ್ಸ್ ಹಾಳೆಗಳಿದ್ದವು. 1955ರಲ್ಲಿ ಬಂದ 'ಸಿದ್ಧರಾಮ ಸಾಹಿತ್ಯ ಸಂಗ್ರಹ'ದವು. ಸೊನ್ನಲಿಗೆ ಎಂದರೆ ಹಳೆಯ ಸೊಲ್ಲಾಪುರ. ಅಲ್ಲಿಯ ಹನ್ನೆರಡನೇ ಶತಮಾನದ ಶರಣ ಸಿದ್ಧರಾಮನ ಚದುರಿ ಹೋಗಿದ್ದ ಬರಹವನ್ನು ಒಂದು ಕಡೆ ಕೂಡಿಸಿದ ಪುಸ್ತಕ ಅದು. ಕೂಡಿಸಿದವರು ಮಠದ ಸ್ವಾಮಿಗಳಲ್ಲ, ಲಿಂಗಾಯತ ವಿದ್ವಾಂಸರೂ ಅಲ್ಲ. ಬಾಸೆಲ್ ಮಿಷನ್ ಸಭೆಯ ಪಾದ್ರಿ, ರೆವರೆಂಡ್ ಉತ್ತಂಗಿ ಚನ್ನಪ್ಪ.

ಚರ್ಚಿನ ಒಬ್ಬ ನಾಯಕ ಇಂಥ ಕೆಲಸಕ್ಕೆ ಹೇಗೆ ಬಂದ ಎಂಬುದು ಈ ವಾರದ ವಿಷಯ. ಅದನ್ನು ಬಿಡಿಸಿ ಹೇಳಬೇಕಾದರೆ ದಖ್ಖನ್ನಿನ ಒಂದು ಹಳೆಯ ನಕ್ಷೆಯನ್ನೂ, ಮೆನ್ನೊನೈಟ್ ಎಂಬ ಒಂದು ಅಪರಿಚಿತ ಪಂಗಡವನ್ನೂ ಹಾದು ಬರಬೇಕು.

ಮೊದಲು ನಕ್ಷೆ. 1956ರಲ್ಲಿ ಭಾಷಾವಾರು ರಾಜ್ಯಗಳಾದವು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಅದಕ್ಕೆ ಎಷ್ಟೋ ಮೊದಲೇ ಈ ಸೀಮೆಯನ್ನು ಇನ್ನೊಂದು ಬಗೆಯಲ್ಲಿ ಹಂಚಿಕೊಂಡವರಿದ್ದರು. ಹೊರದೇಶದಿಂದ ಬಂದ ಮಿಷನ್ ಸಂಸ್ಥೆಗಳು ಒಬ್ಬರ ಹೊಲದಲ್ಲಿ ಇನ್ನೊಬ್ಬರು ಬಿತ್ತಬಾರದೆಂದು ತಮ್ಮೊಳಗೇ ಒಪ್ಪಂದ ಮಾಡಿಕೊಂಡಿದ್ದವು. ಸೊಲ್ಲಾಪುರ ಅಮೆರಿಕನ್ ಮರಾಠಿ ಮಿಷನ್ ಪಾಲಿಗೆ ಬಂತು. 1813ರಲ್ಲಿ ಮುಂಬಯಿಯಲ್ಲಿ ಕಾಲಿಟ್ಟ ಆ ಮಿಷನ್ ಅಹ್ಮದನಗರ ಹಿಡಿದು, 1860ರ ದಶಕದಲ್ಲಿ ಸೊಲ್ಲಾಪುರಕ್ಕೆ ಬಂದಿತ್ತು. ಅದರ ಭಾಷೆ ಯಾವುದೆಂದು ಹೆಸರೇ ಹೇಳುತ್ತದೆ. ವಿಜಯಪುರ, ಗುಳೇದಗುಡ್ಡ, ಬೆಟಗೇರಿ, ಹುಬ್ಬಳ್ಳಿ, ಧಾರವಾಡ ಬಾಸೆಲ್ ಮಿಷನ್ನಿಗೆ, ಅಲ್ಲಿ ಕನ್ನಡ. ಕಲಬುರಗಿ, ಬೀದರ ಅಮೆರಿಕದ ಮೆಥಡಿಸ್ಟರಿಗೆ. ಕೃಷ್ಣೆಯ ಆಚೆ ನಮ್ಮ ರಾಯಚೂರಿಗೆ ತಾಗಿಕೊಂಡ ಪಾಲಮೂರು, ಅಂದರೆ ಮೆಹಬೂಬನಗರ, ಮೊದಲು ಬ್ಯಾಪ್ಟಿಸ್ಟರದಾಗಿದ್ದು 1937ರಲ್ಲಿ ಮೆನ್ನೊನೈಟ್ ಬ್ರದರನ್ ಎಂಬುವರ ಕೈಗೆ ಹೋಯಿತು, ಅಲ್ಲಿ ತೆಲುಗು.

ಹಂಚಿಕೆ ಅಂದಮೇಲೆ ಅಂಚಿನವರ ಪಾಡು ಇದ್ದದ್ದೇ. ಮನೆಯಲ್ಲಿ ಕನ್ನಡ ಆಡುವ ಅಕ್ಕಲಕೋಟೆ ಸೀಮೆಗೆ ಹತ್ತಿರದ ಮಿಷನ್ ಠಾಣೆ ಮರಾಠಿಯದಾಯಿತು. ಕನ್ನಡದ ಮಿಷನ್ ಭೀಮೆಯ ಈಚೆಗೇ ಉಳಿಯಿತು. ಮುಂದೆ ರಾಜ್ಯಗಳ ಗಡಿ ಬಂದಾಗಲೂ ಅದೇ ಆಯಿತಲ್ಲ! 1967ರ ಮಹಾಜನ ವರದಿ ಅಕ್ಕಲಕೋಟೆಯನ್ನೂ ದಕ್ಷಿಣ ಸೊಲ್ಲಾಪುರವನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಹೇಳಿತು. ಹೇಳಿದ್ದು ಹೇಳಿದಂತೆ ಕಾಗದದ ಮೇಲೆಯೇ ಇದೆ.

ಸೊಲ್ಲಾಪುರದ ಮಿಷನ್ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೇರಿ ಹಾರ್ಡಿಂಗ್ ಎಂಬ ಮಹಿಳೆ ಅಲ್ಲಿ ಚಿಕ್ಕ ಮಕ್ಕಳಿಗಾಗಿ ಕಿಂಡರ್‌ಗಾರ್ಟನ್ ನಡೆಸಿದರು, ಕಲಿಸುವವರಿಗೂ ತರಬೇತಿ ಕೊಟ್ಟರು. ಅದೇ ಮಿಷನ್ನು, ಸರ್ಕಾರ 'ಅಪರಾಧಿ ಬುಡಕಟ್ಟು' ಎಂದು ಹಣೆಪಟ್ಟಿ ಹಚ್ಚಿದ ಜನರನ್ನು ತಂತಿಬೇಲಿಯೊಳಗೆ ಕೂಡಿಹಾಕಿದ ಸೆಟ್ಲ್‌ಮೆಂಟನ್ನೂ ಅದೇ ಊರಲ್ಲಿ ನೋಡಿಕೊಂಡಿತು. ಒಂದು ಕೈಯಲ್ಲಿ ಮಕ್ಕಳ ಆಟಿಕೆ, ಇನ್ನೊಂದು ಕೈಯಲ್ಲಿ ಹಾಜರಿ ಪುಸ್ತಕ. ಮಿಷನ್ನುಗಳ ಚರಿತ್ರೆಯನ್ನು ಪೂರಾ ಹೊಗಳುವವರಿಗೂ ಪೂರಾ ಬಯ್ಯುವವರಿಗೂ ಸೊಲ್ಲಾಪುರ ತೊಡಕಿನ ಊರು.

ಇನ್ನು ಮೆನ್ನೊನೈಟರು. 1525ರ ಜನವರಿ 21ರಂದು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಒಂದು ಮನೆಯಲ್ಲಿ ಕೆಲವು ಯುವಕರು ಒಬ್ಬರಿಗೊಬ್ಬರು ದೀಕ್ಷಾಸ್ನಾನ ಮಾಡಿಸಿಕೊಂಡರು. ಕೂಸಿದ್ದಾಗಲೇ ಅವರೆಲ್ಲರಿಗೂ ಅದು ಆಗಿತ್ತು. ತೊಟ್ಟಿಲ ಮಗುವಿಗೆ ಏನು ತಿಳಿಯುತ್ತದೆ, ತಿಳಿದು ಒಪ್ಪಿಕೊಂಡದ್ದೇ ದೀಕ್ಷೆ ಎಂಬುದು ಅವರ ವಾದ. ಮೇಲ್ನೋಟಕ್ಕೆ ಇದೊಂದು ಶಾಸ್ತ್ರದ ಜಗಳ. ಆದರೆ ಆಗಿನ ಯುರೋಪಿನಲ್ಲಿ ಮಗುವಿನ ದೀಕ್ಷಾಸ್ನಾನವೆಂದರೆ ಊರ ಪ್ರಜೆಯಾಗಿ ದಾಖಲಾದ ಹಾಗೆ. ಅದನ್ನು ಒಲ್ಲೆ ಎಂದರೆ ದೊರೆಗೂ ದೇವಾಲಯಕ್ಕೂ ಒಟ್ಟಿಗೇ ಒಲ್ಲೆ ಎಂದಂತೆ. ಎರಡೇ ವರ್ಷದಲ್ಲಿ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ನೀರು ಕೇಳಿದವನಿಗೆ ನೀರೇ ಶಿಕ್ಷೆ. ಮುಂದೆ 1536ರಲ್ಲಿ ಕ್ಯಾಥೊಲಿಕ್ ಪಾದ್ರಿಯ ಪಟ್ಟ ಬಿಟ್ಟು ಬಂದ ಮೆನ್ನೊ ಸೈಮನ್ಸ್ ಎಂಬಾತ ಚದುರಿದವರನ್ನು ಒಗ್ಗೂಡಿಸಿದ. ಅವನ ಹೆಸರೇ ಪಂಗಡಕ್ಕೆ ನಿಂತಿತು. ಕತ್ತಿ ಹಿಡಿಯೆವು, ಯುದ್ಧಕ್ಕೆ ಹೋಗೆವು ಎಂಬ ಹಟದಿಂದಾಗಿ ಇವರು ಎಲ್ಲೂ ನೆಲೆಯಾಗಿ ನಿಲ್ಲಲಾಗಲಿಲ್ಲ. ಹಾಲೆಂಡು, ಪ್ರಷ್ಯಾ, ರಷ್ಯಾ, ಅಮೆರಿಕ ಎಂದು ಅಲೆದರು. ರಷ್ಯಾದಿಂದ ಹೊರಟ ಅಬ್ರಹಾಂ ಫ್ರೀಸನ್ ತೆಲುಗು ಸೀಮೆಯ ನಲ್ಲಗೊಂಡದಲ್ಲಿ ನೆಲೆಸಿದರು. ಅಮೆರಿಕದ ಮೆನ್ನೊನೈಟರು 1899ರಲ್ಲಿ, ಬರಗಾಲದ ಬೆನ್ನಿಗೇ, ಛತ್ತೀಸಗಡದ ಧಮತರಿಗೆ ಬಂದರು. ಅದೇ ವರ್ಷ ಇನ್ನೊಂದು ತಂಡ ಹೈದರಾಬಾದಿಗೆ ಬಂತು.

ಆ ಹೈದರಾಬಾದ್ ತಂಡದ ಮುಂದಿನ ಪೀಳಿಗೆಯ ಮಗ ಪಾಲ್ ಹೀಬರ್ಟ್. 1932ರಲ್ಲಿ ಶಂಶಾಬಾದಿನಲ್ಲಿ ಹುಟ್ಟಿದವರು, ಪಾಲಮೂರಿನ ಕಡೆ ಬೆಳೆದವರು. ಅಮೆರಿಕದಲ್ಲಿ ಓದಿ ತಿರುಗಿ ಬಂದು 1960ರ ದಶಕದ ಮೊದಲರ್ಧದಲ್ಲಿ ಶಂಶಾಬಾದಿನ ಬೈಬಲ್ ಶಾಲೆಯಲ್ಲಿ ಕಲಿಸಿದರು. ಹೊತ್ತು ಸಿಕ್ಕಾಗ ಹಳ್ಳಿಯಲ್ಲಿ ಕೂತು ಜಾತಿ, ಜಾತ್ರೆ, ಜಗಳ ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡರು. ಅದರಿಂದ 1971ರಲ್ಲಿ 'ಕೊಂಡೂರು' ಎಂಬ ಪುಸ್ತಕ ಬಂತು. ದಕ್ಷಿಣ ಭಾರತದ ಒಂದು ಹಳ್ಳಿಯನ್ನು ಮಾನವಶಾಸ್ತ್ರದ ಕಣ್ಣಲ್ಲಿ ನೋಡಿದ ಒಳ್ಳೆಯ ಪುಸ್ತಕಗಳಲ್ಲಿ ಅದೂ ಒಂದು. ಮುಂದೆ ಅಮೆರಿಕದಲ್ಲಿ ಮೇಷ್ಟರಾಗಿ, ಜಗತ್ತಿನ ಮಿಷನರಿಗಳಿಗೆ ಪಾಠ ಹೇಳುವವರಾಗಿ 2007ರಲ್ಲಿ ತೀರಿಕೊಂಡರು.

ಹೀಬರ್ಟರು ತಾವೇ ಬರೆದುಕೊಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಹತ್ತಿರದ ಹಳ್ಳಿಗೆ ಸಿಡುಬು ಬಂತು. ಡಾಕ್ಟರರಿಂದ ನಿಲ್ಲಲಿಲ್ಲ. ಊರವರು ಕಣಿ ಕೇಳಿಸಿದರು. ಮೈಸಮ್ಮ ಮುನಿದಿದ್ದಾಳೆ, ಕೋಣ ಬೀಳಬೇಕು ಎಂದಾಯಿತು. ಊರವರು ಮನೆಮನೆಗೆ ಪಟ್ಟಿ ಎತ್ತಿದರು. ಕ್ರೈಸ್ತ ಕೇರಿಯವರು ಕೊಡೆವು ಎಂದರು. ಅಂಗಡಿಯವರು ಅವರಿಗೆ ಸಾಮಾನು ಕೊಡುವುದು ನಿಲ್ಲಿಸಿದರು, ಬಾವಿಯ ನೀರೂ ಬಂದಾಯಿತು. ಅಷ್ಟರಲ್ಲಿ ಆ ಕೇರಿಯ ಒಂದು ಹುಡುಗಿಗೇ ಸಿಡುಬು ಹತ್ತಿತು. ಸಭೆಯ ಹಿರಿಯನೊಬ್ಬ ಓಡಿ ಬಂದು ಮೇಷ್ಟರ ಬಾಗಿಲಲ್ಲಿ ನಿಂತ: ಬಂದು ಪ್ರಾರ್ಥನೆ ಮಾಡಿ. ಮೇಷ್ಟರು ಹೋಗಿ ಮೊಣಕಾಲೂರಿದರು. ಆದರೆ ಮನಸ್ಸಿನೊಳಗೆ ಬೇರೆಯದೇ ಗೊಂದಲ. ಪರಲೋಕದ ವಿಚಾರಕ್ಕೆ ಅವರ ಬಳಿ ಬೈಬಲ್ ಇತ್ತು, ರೋಗದ ವಿಚಾರಕ್ಕೆ ವಿಜ್ಞಾನ ಇತ್ತು. ಎರಡರ ನಡುವೆ ಆ ಹಳ್ಳಿಯ ಜನ ದಿನವೂ ಬದುಕುವ ಒಂದು ಲೋಕ, ಅಮ್ಮನ ಮುನಿಸು, ದೃಷ್ಟಿ, ತಾಯತ, ಶಾಪ, ಇದೆಲ್ಲಕ್ಕೆ ತಮ್ಮ ಓದಿನಲ್ಲಿ ಜಾಗವೇ ಇಲ್ಲ ಎಂದು ಅವರಿಗೆ ಹೊಳೆಯಿತು. ಹುಡುಗಿ ಉಳಿಯಲಿಲ್ಲ.

1980ರ ದಶಕದಲ್ಲಿ ಅವರು ಇದನ್ನೇ ಸಿದ್ಧಾಂತವಾಗಿ ಬೆಳೆಸಿದರು. ಹಳೆಯ ನಂಬಿಕೆ, ಹಾಡು, ಆಚಾರಗಳನ್ನು ಒಳಗೆ ಬಂದವರು ಸಾರಾಸಗಟು ಎಸೆದರೆ ಅವು ಸಾಯುವುದಿಲ್ಲ, ಹಿತ್ತಲ ಬಾಗಿಲಿಗೆ ಹೋಗಿ ಅಡಗುತ್ತವೆ. ಕಣ್ಣುಮುಚ್ಚಿ ನುಂಗಿದರೂ ಕೆಟ್ಟಿತು. ಮೊದಲು ಕೂತು ಪೂರ್ತಿ ಕೇಳಿಸಿಕೊಳ್ಳಬೇಕು, ತೀರ್ಪು ಆಮೇಲೆ. ಅದನ್ನೂ ಊರವರೇ ಕೂಡಿ ಕೊಡಬೇಕು, ಹೊರಗಿನ ಮೇಷ್ಟರಲ್ಲ. ಜಗತ್ತಿನ ಧರ್ಮಶಾಸ್ತ್ರದ ಕಾಲೇಜುಗಳು ಇದನ್ನು ಹೊಸ ಬೆಳಕು ಎಂದು ತಲೆಯ ಮೇಲಿಟ್ಟುಕೊಂಡವು.

ನಮಗೆ ಅದು ಅಷ್ಟು ಹೊಸದಲ್ಲ. ಕೃಷ್ಣೆಯ ಈ ದಂಡೆಯ ಮೇಲೆ ಒಬ್ಬ ಪಾದ್ರಿ ಅರವತ್ತು ವರ್ಷ ಮೊದಲೇ ಅದನ್ನು ಮಾಡಿ ತೋರಿಸಿದ್ದರು, ಸಿದ್ಧಾಂತ ಬರೆಯದೆ.

ಉತ್ತಂಗಿ ಚನ್ನಪ್ಪನವರು ಹುಟ್ಟಿದ್ದು ಧಾರವಾಡದಲ್ಲಿ, 1881ರ ಅಕ್ಟೋಬರ್ 28ರಂದು. ಮನೆತನದ ಮೂಲ ಹೂವಿನಹಡಗಲಿ ತಾಲೂಕಿನ ಉತ್ತಂಗಿ. ಲಿಂಗಾಯತರಾಗಿದ್ದ ಮನೆತನ ಹಿಂದಿನ ತಲೆಮಾರಿನಲ್ಲೇ ಕ್ರೈಸ್ತವಾಗಿತ್ತು. ತಂದೆ ಡ್ಯಾನಿಯೇಲಪ್ಪ, ತಾಯಿ ಸುಭಕ್ತವ್ವ. ಈ ಹೆಸರುಗಳನ್ನೊಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಬೈಬಲ್ಲಿನ ಡ್ಯಾನಿಯೇಲನಿಗೂ ಧಾರವಾಡದಲ್ಲಿ ಒಂದು 'ಅಪ್ಪ' ಹಚ್ಚದೆ ಬಿಡಲಿಲ್ಲ. ಇನ್ನೂ ಸೋಜಿಗವೆಂದರೆ, ಅಪ್ಪನಿಗೆ ಬೈಬಲ್ಲಿನ ಹೆಸರು, ಮಗನಿಗೆ ಚನ್ನಪ್ಪ. ಸಾಮಾನ್ಯವಾಗಿ ತಲೆಮಾರು ಮುಂದುವರಿದಂತೆ ಹೆಸರು ಹೊರಗಿನದಾಗುತ್ತದೆ. ಇಲ್ಲಿ ಹೆಸರು ಊರಿಗೆ ತಿರುಗಿ ಬಂತು.

ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ ಓದಿ ಅವರು ಪಾದ್ರಿಯಾದರು. ಆ ಮಿಷನ್ನಿಗೆ ಕನ್ನಡದ ಓದು ಹೊಸತಲ್ಲ. ಮೋಗ್ಲಿಂಗ್, ವೈಗಲ್, ಕಿಟೆಲ್ ಎಲ್ಲರೂ ಅಲ್ಲಿಯವರೇ. ಲಿಂಗಾಯತರ ಪುರಾಣಗಳನ್ನು ವುರ್ಥ್ ಎಂಬ ಪಾದ್ರಿ 1860ರ ದಶಕದಲ್ಲೇ ಇಂಗ್ಲಿಷಿಗೆ ತಂದಿದ್ದರು. ಆದರೆ ಆ ಓದಿನ ಹಿಂದೆ ಒಂದು ಲೆಕ್ಕಾಚಾರ ಇತ್ತು. ಎದುರಾಳಿಯ ಮನೆಯ ಕಟ್ಟು ಎಲ್ಲಿ ಸಡಿಲ ಎಂದು ತಿಳಿದುಕೊಳ್ಳುವ ಓದು ಅದು. ಹುಬ್ಬಳ್ಳಿ, ಗದಗಿನ ಕಡೆ ಕಾಲಜ್ಞಾನದ ಮಾತನ್ನು ನಂಬಿ, ಪಡುವಣದಿಂದ ಯಾರೋ ಬರುತ್ತಾರೆಂದು ಕಾದಿದ್ದ ಜನ ಮಿಷನರಿಗಳ ಬಳಿ ಬಂದಾಗ ಅವರಿಗಾದ ಸಂಭ್ರಮ ಎಷ್ಟು! ಅವರಿಗಾಗಿ ಬೆಟಗೇರಿ ಹತ್ತಿರದ ಮಳಸಮುದ್ರದಲ್ಲಿ ಒಂದು ವಸಾಹತನ್ನೇ ಮಾಡಿದರು. ಅದು ಹೆಚ್ಚು ಕಾಲ ನಿಲ್ಲಲಿಲ್ಲ. ಬಂದವರೂ ನಿಲ್ಲಲಿಲ್ಲ.

ಚನ್ನಪ್ಪನವರ ಓದು ಬೇರೆ ದಾರಿ ಹಿಡಿಯಿತು. ಪಾದ್ರಿಯ ಕೆಲಸವೆಂದರೆ ತಿರುಗಾಟ. ಸಂತೆಯಲ್ಲಿ, ಚಾವಡಿಯಲ್ಲಿ, ಜಾತ್ರೆಯಲ್ಲಿ ನಿಂತು ಉಪದೇಶ ಮಾಡಬೇಕು. ಉತ್ತರ ಕರ್ನಾಟಕದ ಹಳ್ಳಿಯವರು ಸುಮ್ಮನೆ ಕೇಳಿಸಿಕೊಂಡು ಹೋಗುವ ಜನ ಅಲ್ಲ. ಪಾದ್ರಿ ಒಂದು ಮಾತು ಹೇಳಿದರೆ ಅವರು ಸರ್ವಜ್ಞನ ಮೂರು ಸಾಲು ಎದುರಿಗೆ ಇಡುತ್ತಾರೆ. ಚರ್ಚೆ ಅಲ್ಲಿಗೆ ಮುಗಿಯಿತು! ಉಳಿದವರು ಇದನ್ನು ಅಡ್ಡಿ ಎಂದುಕೊಂಡಾರು. ಚನ್ನಪ್ಪನವರು ಬರೆದುಕೊಂಡರು. ಒಂದು ಊರಲ್ಲಿ ಕೇಳಿದ ತ್ರಿಪದಿ ಇನ್ನೊಂದು ಊರಲ್ಲಿ ಬೇರೆ ಬಾಲ ಹಚ್ಚಿಕೊಂಡಿರುತ್ತದೆ. ಮೂರನೆಯ ಸಾಲು ತಪ್ಪಿದವನು ತನ್ನದನ್ನೇ ಕಟ್ಟಿ ಸೇರಿಸಿರುತ್ತಾನೆ. ಕಡೆಗೆ 'ಸರ್ವಜ್ಞ' ಎಂದು ಹಾಡಿಬಿಟ್ಟರೆ ಯಾರ ಪದವಾದರೂ ಸರ್ವಜ್ಞನದೇ. ಬಾಯಿಂದ ಬಾಯಿಗೆ ಹೋದದ್ದನ್ನೂ ಓಲೆಗರಿ, ಕೈಬರಹದಲ್ಲಿ ಉಳಿದದ್ದನ್ನೂ ಎದುರುಬದುರು ಇಟ್ಟು ಜರಡಿ ಹಿಡಿಯುವುದು ಎಷ್ಟು ವರ್ಷದ ಕೆಲಸ ಎಂದು, ಇಂದು ಮೊಬೈಲಿನಲ್ಲಿ ಸರ್ವಜ್ಞನ ವಚನ ಫಾರ್ವರ್ಡ್ ಮಾಡುವವರಿಗೆ ಅಂದಾಜಾಗದು. 1924ರಲ್ಲಿ ಪುಸ್ತಕ ಹೊರಬಂದಾಗ ಎರಡು ಸಾವಿರದಷ್ಟು ವಚನಗಳಿದ್ದವು. ನಾವಿಂದು 'ಸರ್ವಜ್ಞ' ಎಂದು ಯಾವುದನ್ನು ಕರೆಯುತ್ತೇವೆಯೋ ಅದಕ್ಕೆ ಮೈ ಬಂದದ್ದು ಆ ಪುಸ್ತಕದಿಂದ.

ಅದಕ್ಕೆ ಒಂದು ವರ್ಷ ಮೊದಲು, 1923ರಲ್ಲಿ, ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರ ಸಾರ' ಬಂದಿತ್ತು. ಅದನ್ನು ಮೊದಲು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ ಕಳಿಸಿದ್ದರಂತೆ. ಓದಿ ನೋಡಿದ ಅಲ್ಲಿಯವರು, ಇದನ್ನು ಅಚ್ಚು ಹಾಕಿದರೆ ನಮ್ಮ ಉಪದೇಶಕ್ಕೆ ಕೆಲಸವೇನು ಎಂದು ತಿರುಗಿ ಕಳಿಸಿದರಂತೆ. ಈ ಕಥೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ನಿಜವೋ, ಹೇಳಿ ಹೇಳಿ ಬೆಳೆದದ್ದೋ, ಕಥೆಗೆ ತನ್ನದೇ ಒಂದು ಸತ್ಯ ಇದೆ. ಆ ಪ್ರೆಸ್ಸು ಯಾವ ಮಿಷನ್ನಿನದೋ ಅದೇ ಮಿಷನ್ನಿನ ಪಾದ್ರಿ, ಅದೇ ಹೊತ್ತಿಗೆ, ಕನ್ನಡದ ಅತ್ಯಂತ ನಿಷ್ಠುರ ಬಾಯಿಯ ಕವಿಯನ್ನು ಜೋಳಿಗೆಗೆ ತುಂಬಿಕೊಳ್ಳುತ್ತಿದ್ದರು. ಹಳಕಟ್ಟಿಯವರು ಹುಟ್ಟಿದ್ದೂ ಧಾರವಾಡದಲ್ಲೇ, 1880ರಲ್ಲಿ. ಇಬ್ಬರಿಗೂ ಒಂದೇ ವರ್ಷದ ಅಂತರ.

ಚನ್ನಪ್ಪನವರು ಕ್ರೈಸ್ತ ಧರ್ಮ ಬಿಟ್ಟವರಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಅವರನ್ನು ಮೆಚ್ಚುವ ಭರದಲ್ಲಿ ಕೆಲವರು ಅವರನ್ನು 'ಒಳಗೊಳಗೇ ಶರಣ' ಮಾಡಿಬಿಡುತ್ತಾರೆ. ಅದು ಅವರಿಗೆ ಮಾಡುವ ಅವಮಾನ. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಪುಸ್ತಕ ಬರೆದವರು ಅವರು. ಆ ಶೀರ್ಷಿಕೆಯಲ್ಲೇ ಎಲ್ಲ ಇದೆ. ಬೆತ್ಲೆಹೇಮು ಬನಾರಸಕ್ಕೆ ಅಪ್ಪಣೆ ಕೊಡಿಸುವುದಿಲ್ಲ, ಸವಾಲೂ ಹಾಕುವುದಿಲ್ಲ, ವಿನಂತಿ ಮಾಡಿಕೊಳ್ಳುತ್ತದೆ. ಬಸವೇಶ್ವರನೂ ಅಸ್ಪೃಶ್ಯರ ಉದ್ಧಾರವೂ ಎಂಬುದರ ಬಗ್ಗೆಯೂ ಬರೆದರು. ಅನುಭವ ಮಂಟಪ ಎಂಬುದು ಇರಲೇ ಇಲ್ಲ, ಅದು ಮುಂದಿನವರ ಕಲ್ಪನೆ ಎಂದು ವಿದ್ವಾಂಸರು ವಾದಿಸಿದಾಗ ಎದುರು ನಿಂತು 'ಅನುಭವ ಮಂಟಪದ ಐತಿಹಾಸಿಕತೆ' ಬರೆದವರೂ ಈ ಪಾದ್ರಿಯೇ. ಅದು 1951. ಆಗ ಅವರಿಗೆ ಎಪ್ಪತ್ತು. ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯ ವಚನಗಳನ್ನು, ಆದಯ್ಯನ ವಚನಗಳನ್ನು ಸಂಪಾದಿಸಿದ್ದೂ ಆಸುಪಾಸಿನಲ್ಲೇ, ಎಸ್.ಎಸ್. ಭೂಸನೂರಮಠರ ಜತೆಗೂಡಿ. ಜನ ಅವರನ್ನು 'ತಿರುಳ್ಗನ್ನಡದ ತಿರುಕ' ಎಂದು ಕರೆದರು. ಹುದ್ದೆ, ಗಾದಿ, ಮೆರವಣಿಗೆ ಯಾವುದೂ ಇಲ್ಲದ ಆ ಬಿರುದು ಅವರ ಮೈಗೆ ಸರಿಯಾಗಿ ಕೂತಿತು.

1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರ ಕುರ್ಚಿಯಲ್ಲಿ ಕೂತವರು ಇವರು. ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮನ ಆಳ್ವಿಕೆ ಮುಗಿದಿತ್ತು. ಧರ್ಮದ ಹೆಸರಲ್ಲಿ ರಕ್ತ ಹರಿದ ಹಸಿ ನೆಲ. ಅಲ್ಲಿ ಕನ್ನಡದ ದೊಡ್ಡ ಸಭೆಯನ್ನು ನಡೆಸಿಕೊಡಲು ಕನ್ನಡಿಗರು ಒಬ್ಬ ಪಾದ್ರಿಯನ್ನು ಕರೆದೊಯ್ದರು. ಮರುವರ್ಷದ ಸಮ್ಮೇಳನ, ಎಂ.ಆರ್. ಶ್ರೀನಿವಾಸಮೂರ್ತಿಗಳ ಅಧ್ಯಕ್ಷತೆಯಲ್ಲಿ, ಸೊಲ್ಲಾಪುರದಲ್ಲಿ. ಅಂದು ಸೊಲ್ಲಾಪುರ ಕನ್ನಡದ ಊರು ಎಂದು ಹೇಳಿಕೊಳ್ಳಲು ಯಾರಿಗೂ ಸಂಕೋಚವಿರಲಿಲ್ಲ.

ಹಾಗೆ ನಾವು ಸಿದ್ಧರಾಮನ ಬಳಿಗೆ ಬಂದೆವು. ಶರಣರಲ್ಲಿ ಸಿದ್ಧರಾಮನ ದಾರಿ ಎಲ್ಲರಿಗಿಂತ ಬೇರೆ. ಹೊಲ ಕಾಯುವ ಹುಡುಗನಾಗಿದ್ದಾಗಲೇ ಮಲ್ಲಯ್ಯನನ್ನು ಕಂಡವನು, ಅವನನ್ನು ಹುಡುಕಿಕೊಂಡು ಶ್ರೀಶೈಲಕ್ಕೆ ಹೋದವನು. ತಿರುಗಿ ಬಂದು ಸೊನ್ನಲಿಗೆಯಲ್ಲಿ ಕೆರೆ ತೋಡಿಸಿದ, ಗುಡಿ ಕಟ್ಟಿಸಿದ, ಲಿಂಗಗಳನ್ನು ನಿಲ್ಲಿಸಿದ. ಊರಿಗೆ ಊರೇ ಅವನ ಬೆನ್ನಿಗೆ ಗುದ್ದಲಿ ಹಿಡಿದು ನಿಂತಿತು. ಅಲ್ಲಿಗೆ ಅಲ್ಲಮ ಬಂದ. ಬಂದವನೇ, ಎಲ್ಲಿ ಆ ಒಡ್ಡರ ರಾಮ ಎಂದು ಕೇಳಿದ. ಕೆಲಸದವರು ಸಿಟ್ಟಿಗೆದ್ದು ಕಲ್ಲು ಬೀರಿದರು. ಶೂನ್ಯಸಂಪಾದನೆಯ ಅತ್ಯಂತ ಬಿಸಿಯಾದ ಭಾಗ ಇದು. ಹೊರಗೆ ಇಷ್ಟೆಲ್ಲ ತೋಡಿದೆಯಲ್ಲ, ಒಳಗೆ ಏನು ತೋಡಿದೆ ಎಂಬುದು ಅಲ್ಲಮನ ಕೇಳಿಕೆಯ ಸಾರ. ಮಾತು ಸಿದ್ಧರಾಮನಿಗೆ ತಾಗಿತು. ಕಲ್ಯಾಣಕ್ಕೆ ಹೋದ. ಅಲ್ಲಿ ತನಗಿಂತ ಕಿರಿಯನಾದ ಚನ್ನಬಸವಣ್ಣನಿಂದ ಇಷ್ಟಲಿಂಗ ದೀಕ್ಷೆ ಪಡೆದ. ಒಂದು ಇಡೀ ಊರು ಗುರು ಎಂದು ಕಾಲಿಗೆ ಬೀಳುತ್ತಿದ್ದ ಮನುಷ್ಯ, ಬಲಿತ ವಯಸ್ಸಿನಲ್ಲಿ, ತಿಳಿದು ಕೈಯೊಡ್ಡಿ ದೀಕ್ಷೆ ಬೇಡಿದ.

ಜೂರಿಕ್‌ನ ಆ ಮನೆಯಲ್ಲಿ ನೀರು ಸುರಿಸಿಕೊಂಡವರ ಬಗ್ಗೆ ಓದಿದಾಗೆಲ್ಲ ನನಗೆ ಸೊನ್ನಲಿಗೆಯಿಂದ ಕಲ್ಯಾಣಕ್ಕೆ ನಡೆದ ಈ ಮನುಷ್ಯ ನೆನಪಾಗುತ್ತಾನೆ. ಇಬ್ಬರಿಗೂ ಯಾವ ಸಂಬಂಧವೂ ಇಲ್ಲ. ನಡುವೆ ಮುನ್ನೂರು ನಾನೂರು ವರ್ಷ, ಅರ್ಧ ಭೂಮಂಡಲ. ಆದರೂ ತೊಟ್ಟಿಲಲ್ಲಿ ಸಿಕ್ಕದ್ದು ಸಾಲದು, ನಾನೇ ಕೇಳಿ ಪಡೆಯಬೇಕು ಎಂಬ ಹಟ ಒಂದೇ. ಉತ್ತಂಗಿಯವರಿಗೆ ಸಿದ್ಧರಾಮನಲ್ಲಿ ಹಿಡಿಸಿದ್ದು ಇದೇ ಇರಬಹುದು ಎಂಬುದು ನನ್ನ ಊಹೆ. ಪ್ರಾಟೆಸ್ಟೆಂಟ್ ಪಾದ್ರಿಗೆ ಈ ಪ್ರಶ್ನೆ ಹುಟ್ಟಿನಿಂದ ಗೊತ್ತಿದ್ದದ್ದೇ. ಪುಣ್ಯದ ಕೆಲಸ ಮಾಡಿದರೆ ಸಾಕೇ, ಒಳಗೆ ತಿರುವು ಬೇಕೇ ಎಂದು ಲೂಥರನ ಕಾಲದಿಂದ ಅವರ ಮನೆಯಲ್ಲಿ ಜಗಳ ನಡೆದೇ ಇದೆ. ಅದೇ ಜಗಳ ಹನ್ನೆರಡನೇ ಶತಮಾನದ ಕನ್ನಡದಲ್ಲಿ, ಕೆರೆಯ ದಂಡೆಯ ಮೇಲೆ, ಕಲ್ಲು ತೂರಾಟದ ನಡುವೆ ಕೇಳಿಬಂದರೆ ಯಾವ ಪಾದ್ರಿ ಪುಸ್ತಕ ಮುಚ್ಚಿಡುತ್ತಾನೆ?

ಇನ್ನೊಂದು ಕಾರಣ ಸರಳವಾದದ್ದು. ಸಿದ್ಧರಾಮ ವಚನಗಳ ಜತೆಗೆ ತ್ರಿವಿಧಿಗಳನ್ನೂ ಬರೆದವನು. ತ್ರಿವಿಧಿ ಎಂದರೆ ತ್ರಿಪದಿಯದೇ ನಡೆ. ಅರ್ಧ ಆಯುಷ್ಯ ಸರ್ವಜ್ಞನ ತ್ರಿಪದಿಯ ಜಾಡಿನಲ್ಲಿ ಕಳೆದ ಕಿವಿಗೆ, ಸೊನ್ನಲಿಗೆಯಲ್ಲಿ ಆ ಮಟ್ಟು ಮತ್ತೆ ಕೇಳಿದಾಗ ಪರಿಚಯದವರು ಬೀದಿಯಲ್ಲಿ ಕರೆದ ಹಾಗಾಗಿರಬೇಕು. ಸೊಲ್ಲಾಪುರದವರೇ ಆದ ಜಯದೇವಿತಾಯಿ ಲಿಗಾಡೆ, ಮರಾಠಿಯಲ್ಲಿ ಓದಿ ಆಮೇಲೆ ಕನ್ನಡ ಕಲಿತವರು, ಸಿದ್ಧರಾಮನ ಮಹಾಕಾವ್ಯವನ್ನು ಬರೆದದ್ದೂ ತ್ರಿಪದಿಯಲ್ಲೇ. 1974ರಲ್ಲಿ ಮಂಡ್ಯ ಸಮ್ಮೇಳನದ ಅಧ್ಯಕ್ಷರಾದರು ಅವರು. ಆ ಪೀಠದಲ್ಲಿ ಕೂತ ಮೊದಲ ಹೆಣ್ಣು.

ಉತ್ತಂಗಿಯವರು 1962ರ ಆಗಸ್ಟ್‌ನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಸೊಲ್ಲಾಪುರ ಮಹಾರಾಷ್ಟ್ರದಲ್ಲಿತ್ತು. ಮಿಷನ್ನಿನವರು ಹಂಚಿಕೊಂಡಾಗಲೂ ಸೊಲ್ಲಾಪುರ ಉತ್ತಂಗಿಯವರ ಪಾಲಿನದಾಗಿರಲಿಲ್ಲ, ರಾಜ್ಯದವರು ಹಂಚಿಕೊಂಡಾಗಲೂ ಅವರ ಪಾಲಿಗೆ ಬರಲಿಲ್ಲ. ಆದರೆ ಆ ಊರಿನ ಶರಣ ಏನೇನು ಬರೆದಿದ್ದ ಎಂದು ನೋಡಬೇಕಾದವರು ತೆರೆದದ್ದು ಅವರ ಪುಸ್ತಕವನ್ನೇ.

ವಳಸಂಗ ಹತ್ತಿರ ಬರುತ್ತಿತ್ತು. ನಾನು ಜೆರಾಕ್ಸ್ ಹಾಳೆ ತೆಗೆದು ಆಯಿಗೆ ಒಂದು ತ್ರಿವಿಧಿ ಓದಿ ಹೇಳಿದೆ. ಬಸ್ಸಿನ ಸದ್ದಿಗೆ ಎರಡು ಸಲ ಓದಬೇಕಾಯಿತು. ಅವರು ಕಣ್ಣು ಸಣ್ಣದು ಮಾಡಿ ಕೇಳಿದರು. ಕೆಲವು ಮಾತು ತಿಳಿಯಲಿಲ್ಲ ಎಂದರು, ಆದರೆ ಹಂತಿ ಪದದ ಹಾಗೆ ಐತಿ ಎಂದರು. ಆಮೇಲೆ, "ಇದನ್ನ ಬುಕ್ ಮಾಡಿದವರು ಯಾರ್ರಿ? ಮಠದ ಅಪ್ಪಗೋಳೇನು?"

"ಅಲ್ಲ ಆಯಿ, ಒಬ್ಬ ಪಾದ್ರಿ."

"ಹೌದ? ಯಾ ಊರಾಂವ?"

"ಉತ್ತಂಗಿ."

"ಅದೆಲ್ಲಿ ಬರ್ತದ?"

"ಹಡಗಲಿ ಕಡೆ."

"ಭಾಳ ದೂರಿಂದ ಬಂದಾನ ಬಿಡ್ರಿ" ಎಂದು ಆಯಿ ಚೀಲ ಎತ್ತಿಕೊಂಡು ಎದ್ದರು. ಕಂಡಕ್ಟರ್ ಮರಾಠಿಯಲ್ಲಿ ಊರಿನ ಹೆಸರು ಕೂಗಿ ಬೆಲ್ ಎಳೆದ.